ಬೊಜ್ಜು: ಪದದ ಹುಟ್ಟು, ಅರ್ಥದ ಬೆಳವಣಿಗೆ

ಬೊಜ್ಜು ಎಂದರೆ ಮೈಯಲ್ಲಿ ಕೊಬ್ಬು ಮಿತಿಮೀರಿ ಸೇರಿಕೊಂಡು ಆರೋಗ್ಯಕ್ಕೆ ತೊಡಕಾಗುವ ಸ್ಥಿತಿ. ಸ್ಥೂಲಕಾಯ, ಸ್ಥೌಲ್ಯ, ಮೇದೋರೋಗ ಎಂಬ ಹೆಸರುಗಳೂ ಇದಕ್ಕುಂಟು. ಇಂಗ್ಲಿಷಿನ ಒಬೆಸಿಟಿಗೆ ಪತ್ರಿಕೆಗಳು ಇವುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಬಳಸುತ್ತವೆ. ಈ ಹೆಸರುಗಳೆಲ್ಲ ಒಂದೇ ವಸ್ತುವನ್ನು ಸೂಚಿಸುವುದಿಲ್ಲ. ಒಂದು ಹೊಟ್ಟೆಯನ್ನು ತೋರಿಸಿದರೆ ಇನ್ನೊಂದು ಇಡೀ ಮೈಯನ್ನು ತೋರಿಸುತ್ತದೆ, ಮತ್ತೊಂದು ತಿನ್ನುವ ಬಾಯಿಯ ಮೇಲೆ ತಪ್ಪು ಹೊರಿಸುತ್ತದೆ. ಯಾರನ್ನು ಬೊಜ್ಜಿನವರೆಂದು ಕರೆಯಬೇಕು ಎಂಬ ಪ್ರಶ್ನೆಗೆ ರೋಮನ್ನರಿಂದ ಹಿಡಿದು ಇಂದಿನ ವಿಮಾ ಕಂಪನಿಗಳವರೆಗೆ ಒಬ್ಬೊಬ್ಬರೂ ಒಂದೊಂದು ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳ ಜಾಡು ಹಿಡಿದರೆ ವೈದ್ಯಕೀಯದ ಜೊತೆಗೆ ಸಮಾಜದ ಕಥೆಯೂ ಕಾಣಿಸುತ್ತದೆ.

ಕನ್ನಡದ ಮಾತುಗಳು

ಕನ್ನಡದಲ್ಲಿ ಈ ಬಗೆಯ ಮಾತುಗಳಿಗೆ ಬರವಿಲ್ಲ. ಬೊಜ್ಜು, ಕೊಬ್ಬು, ನೆಣ, ದಪ್ಪ, ತೋರ, ದಢೂತಿ, ಡುಮ್ಮ, ಗುಂಡ, ಡೊಳ್ಳುಹೊಟ್ಟೆ ಎಂದು ಪಟ್ಟಿ ಬೆಳೆಯುತ್ತದೆ. ಇವುಗಳಲ್ಲಿ ಬೊಜ್ಜಿಗೆ ವಿಶೇಷ ಗುರುತಿದೆ. ‘ಅವನಿಗೆ ಬೊಜ್ಜು ಬಂದಿದೆ’ ಎಂದು ಯಾರಾದರೂ ಹೇಳಿದರೆ ಕೇಳಿದವರ ಕಣ್ಣು ಹೋಗುವುದು ಹೊಟ್ಟೆಯ ಕಡೆಗೆ. ತೋಳಾಗಲಿ ಕೆನ್ನೆಯಾಗಲಿ ಯಾರ ಮನಸ್ಸಿಗೂ ಬರುವುದಿಲ್ಲ. ಪಕ್ಕದ ತೆಲುಗಿನಲ್ಲಿ ಬೊಜ್ಜ ಎಂದರೆ ಹೊಟ್ಟೆಯೇ. ಅಲ್ಲಿಯ ಗಣಪ ಬೊಜ್ಜ ಗಣಪಯ್ಯ, ನಮ್ಮವನು ಡೊಳ್ಳುಹೊಟ್ಟೆಯ ಗಣಪ. ಸೊಂಟದ ಪಟ್ಟಿಯ ಮೇಲೆ ಜೋಲುವ ಕೊಬ್ಬಿಗೆ ಮೀಸಲಾಗಿದ್ದ ಈ ಮಾತನ್ನು ಇಡೀ ದೇಹದ ಸ್ಥಿತಿಗೆ ಹಿಗ್ಗಿಸಿದ್ದು ಇತ್ತೀಚಿನ ಆರೋಗ್ಯ ಬರವಣಿಗೆ.

ಕೊಬ್ಬು ಇನ್ನೂ ಹಳೆಯದು. ಹಳಗನ್ನಡದಲ್ಲಿ ಅದು ಕೊರ್ಬು, ಕೊರ್ವು. ತಮಿಳಿನ ಕೊೞುಪ್ಪು, ತೆಲುಗಿನ ಕೊವ್ವು ಇದರ ಒಡಹುಟ್ಟುಗಳು. ಮೂರೂ ಭಾಷೆಗಳಲ್ಲಿ ಈ ಮಾತಿಗೆ ಎರಡು ಮುಖ: ಮೈಯಲ್ಲಿ ಸೇರುವ ಜಿಡ್ಡೂ ಹೌದು, ತಲೆಗೇರುವ ಸೊಕ್ಕೂ ಹೌದು. ‘ಅವನಿಗೆ ಎಷ್ಟು ಕೊಬ್ಬು ನೋಡು’ ಎಂದು ಬೈಯುವವರು ಬೈಸಿಕೊಂಡವನ ತೂಕ ನೋಡಿರುವುದಿಲ್ಲ. ನರಪೇತಲನಿಗೂ ಆ ಬೈಗುಳ ಒಪ್ಪುತ್ತದೆ. ಉಂಡು ಮೈ ಬೆಳೆದದ್ದಕ್ಕೆ ಮದವೇರುತ್ತದೆ ಎಂಬ ದನಗಾಹಿ ಸಮಾಜದ ತಿಳಿವಳಿಕೆ, ಕೊಬ್ಬಿದ ಗೂಳಿಯನ್ನು ಕಂಡವರ ತಿಳಿವಳಿಕೆ, ಇದರ ಹಿಂದಿದೆ. ನೆಣ ಮಾಂಸದ ಜೊತೆಗಿನ ಕೊಬ್ಬು. ಅದೇ ಮಾತು ಮಲಯಾಳಂನಲ್ಲಿ ನಿಣಂ ಆಗಿ ರಕ್ತ ಎಂಬ ಅರ್ಥಕ್ಕೆ ಹೊರಳಿಕೊಂಡಿದೆ.

ತೋರ ಎಂಬುದು ಕರಾವಳಿಯ ಬಾಯಿಮಾತಿನಲ್ಲೂ ತುಳುವಿನಲ್ಲೂ ಇಂದಿಗೂ ದಪ್ಪ ಎಂಬ ಅರ್ಥದಲ್ಲಿ ಉಳಿದಿದೆ. ಹಳೆಯ ಕಾವ್ಯಗಳ ತೋರಮುತ್ತು ದಪ್ಪ ಮುತ್ತು. ಸಂಸ್ಕೃತದ ಸ್ಥೂರ, ಸ್ಥೂಲ ಪ್ರಾಕೃತದಲ್ಲಿ ಥೋರ ಆಗಿ ಮರಾಠಿಯಲ್ಲಿ ‘ಹಿರಿಯ, ಮಹಾನ್’ ಎಂಬ ಅರ್ಥದ ಥೋರ್ ಆಯಿತು. ಕನ್ನಡದ ತೋರವನ್ನೂ ಇದೇ ಸಾಲಿಗೆ ಸೇರಿಸುವುದುಂಟು. ಸ್ಥೂಲ ಎಂಬ ಮಾತನ್ನು ಕನ್ನಡಿಗರು ನೇರವಾಗಿಯೂ ಪಡೆದಿದ್ದಾರೆ, ಆದರೆ ಅದರ ಬಳಕೆ ತುಸು ಜಾರು. ಸ್ಥೂಲ ಪರಿಚಯ ಎಂದರೆ ವಿವರಕ್ಕಿಳಿಯದ ಪರಿಚಯ. ವೇದಾಂತದ ಸ್ಥೂಲಶರೀರ ಕಣ್ಣಿಗೆ ಕಾಣುವ ಈ ಪಾಂಚಭೌತಿಕ ದೇಹ. ಕಡ್ಡಿಯಂತಿರುವ ಸನ್ಯಾಸಿಗೂ ಅದು ಇದ್ದೇ ಇದೆ. ಆದ್ದರಿಂದ ಒಬೆಸಿಟಿಗೆ ಸ್ಥೂಲಕಾಯ ಎಂಬ ಅನುವಾದ ಗಂಭೀರವಾಗಿ ಕೇಳಿಸಿದರೂ ಕಿವಿಗೆ ನಾಟುವುದಿಲ್ಲ. ನೆರೆಯವರಲ್ಲಿ ತೆಲುಗಿನ ಊಬಕಾಯ, ತಮಿಳಿನ ಉಡಲ್ ಪರುಮನ್, ಮಲಯಾಳಂನ ಪೊಣ್ಣತ್ತಡಿ, ಹಿಂದಿಯ ಮೋಟಾಪಾ ಎಲ್ಲವೂ ಇಡೀ ಮೈಯನ್ನೇ ಹೇಳುತ್ತವೆ. ಹೊಟ್ಟೆಯನ್ನು ಬೆರಳಿಟ್ಟು ತೋರಿಸುವುದು ನಮ್ಮ ಬೊಜ್ಜು. ಈ ವ್ಯತ್ಯಾಸಕ್ಕೆ ವೈದ್ಯಕೀಯವಾಗಿಯೂ ಬೆಲೆಯಿದೆ. ಅದು ಮುಂದೆ ಬರುತ್ತದೆ.

ಮನೆಮಾತಿನಲ್ಲಿ ದಪ್ಪವಾಗುವುದು ಯಾವಾಗಲೂ ಬೈಗುಳವಲ್ಲ. ಬಾಣಂತನ ಮುಗಿಸಿ ಬಂದ ಮಗಳನ್ನು ಕಂಡು ‘ಮೈಕೈ ತುಂಬಿಕೊಂಡಿದ್ದಾಳೆ’ ಎನ್ನುವುದು ಮೆಚ್ಚುಗೆ. ಹಾಸ್ಟೆಲಿನಿಂದ ಬಂದ ಹುಡುಗನನ್ನು ‘ಏನೋ, ಇಷ್ಟು ಸೊರಗಿ ಹೋಗಿದ್ದೀಯ’ ಎಂದು ಕೇಳುವುದು ಕಾಳಜಿ. ಸೊರಗುವುದೇ ರೋಗದ ಮೊದಲ ಗುರುತು ಎಂದು ಕ್ಷಾಮ, ಪ್ಲೇಗು, ಕ್ಷಯಗಳನ್ನು ಕಂಡ ತಲೆಮಾರುಗಳು ಕಲಿತಿದ್ದವು. ಆ ಕಲಿಕೆ ತಪ್ಪೇನೂ ಅಲ್ಲ, ಆದರೆ ಅನ್ನ ಎಟುಕುವಂತಾದ ಮೇಲೂ ಅದು ಹಾಗೆಯೇ ಉಳಿದುಬಿಟ್ಟಿತು.

ರೋಮನ್ನರ ಪದ

ಒಬೆಸಿಟಿಯ ಬೇರು ಲ್ಯಾಟಿನ್. ಎದೆರೆ ಎಂದರೆ ತಿನ್ನು; ಒಬ್ ಎಂಬ ಪೂರ್ವಪ್ರತ್ಯಯ ಸೇರಿ ಒಬೆದೆರೆ, ಅಂದರೆ ಸುತ್ತಲೂ ತಿಂದುಹಾಕು, ಕಬಳಿಸು. ಅದರ ಭೂತಕೃದಂತ ಒಬೇಸುಸ್. ಇದರ ಅರ್ಥದಲ್ಲಿ ಒಂದು ಮೋಜಿದೆ. ಭೂತಕೃದಂತವಾದ್ದರಿಂದ ಅದರ ನೇರ ಅರ್ಥ ‘ತಿನ್ನಲ್ಪಟ್ಟ’, ಅಂದರೆ ಸವೆದು ಸೊರಗಿದ. ಪ್ರಾಚೀನ ಕವಿ ಲೇವಿಯುಸ್ ಈ ಮಾತನ್ನು ಬಡಕಲು ಎಂಬ ಅರ್ಥದಲ್ಲಿಯೇ ಬಳಸಿದ್ದನ್ನು 2ನೇ ಶತಮಾನದ ಔಲುಸ್ ಗೆಲ್ಲಿಯುಸ್ ತನ್ನ ಟಿಪ್ಪಣಿಗಳಲ್ಲಿ ಗುರುತಿಸಿದ್ದಾನೆ. ಆದರೆ ಅಷ್ಟರಲ್ಲಿ ಜನರ ಬಾಯಲ್ಲಿ ಅರ್ಥ ತಿರುಗಿತ್ತು: ‘ತಿನ್ನಲ್ಪಟ್ಟವನು’ ಹೋಗಿ ‘ತಿಂದು ಕೊಬ್ಬಿದವನು’ ಬಂದಿದ್ದ. ಒಂದೇ ಪದ ಬಡಕಲನನ್ನೂ ದಢೂತಿಯನ್ನೂ ಹೊತ್ತ ಉದಾಹರಣೆ ಭಾಷಾಶಾಸ್ತ್ರದಲ್ಲೂ ಅಪರೂಪ.

ಎದೆರೆಯ ಮೂಲಧಾತು ಸಂಸ್ಕೃತದಲ್ಲಿ ಅದ್. ತಿನ್ನು ಎಂದೇ ಅರ್ಥ. ಇಂಗ್ಲಿಷಿನ ಈಟ್, ಜರ್ಮನ್ನಿನ ಎಸ್ಸೆನ್ ಅದೇ ಕುಟುಂಬದವು. ಅದ್ ಧಾತುವಿಗೆ ಪ್ರತ್ಯಯ ಸೇರಿ ಆದದ್ದು ಅನ್ನ. ನಮ್ಮ ತಟ್ಟೆಯ ಅನ್ನವೂ ವೈದ್ಯರ ಚೀಟಿಯ ಒಬೆಸಿಟಿಯೂ ದೂರದ ದಾಯಾದಿಗಳು.

ರೋಮನ್ನರಿಗೆ ಒಬೇಸುಸ್ ಬರೀ ತೆಗಳಿಕೆಯ ಮಾತಾಗಿರಲಿಲ್ಲ. ವರ್ಜಿಲ್ ಒಳ್ಳೆಯ ತಳಿಯ ಕುದುರೆಯನ್ನು ವರ್ಣಿಸುವಾಗ ಅದರ ತುಂಬಿದ ಬೆನ್ನಿಗೆ ಇದೇ ವಿಶೇಷಣ ಬಳಸುತ್ತಾನೆ. ಹೊಟ್ಟೆ ಮಾತ್ರ ಚಿಕ್ಕದಿರಬೇಕು. ಕವಿ ಹೊರೇಸ್ ಗಿಡ್ಡ, ದಪ್ಪ ಎಂದು ಚರಿತ್ರೆಕಾರ ಸುಯೆಟೋನಿಯುಸ್ ಬರೆದಿದ್ದಾನೆ. ಚಕ್ರವರ್ತಿ ಡೊಮಿಷಿಯನ್‌ನ ನಂತರದ ದಿನಗಳ ರೂಪವನ್ನು ಹೇಳುವಾಗ ಅದೇ ಸುಯೆಟೋನಿಯುಸ್ ಒಬೇಸಿತಾಸ್ ಎಂಬ ನಾಮಪದ ತಂದಿದ್ದಾನೆ. ಬೋಳುತಲೆ, ಬಡಕಲು ಕಾಲು, ನಡುವೆ ಹೊಟ್ಟೆಯ ಒಬೇಸಿತಾಸ್. ಅದನ್ನು ಕನ್ನಡಕ್ಕೆ ತರಲು ಬೊಜ್ಜು ಎಂಬುದಕ್ಕಿಂತ ಒಳ್ಳೆಯ ಪದ ಸಿಗದು. ರೋಮಿನಲ್ಲಿ ದಪ್ಪಗಿರುವುದಕ್ಕೆ ದಂಡವೂ ಇತ್ತು. ಅಶ್ವಾರೋಹಿ ವರ್ಗದವನು ವಿಪರೀತ ಮೈ ಬೆಳೆಸಿಕೊಂಡರೆ ಸೆನ್ಸಾರ್ ಎಂಬ ಅಧಿಕಾರಿಗಳು ಅವನಿಗೆ ಸರ್ಕಾರ ಕೊಟ್ಟ ಕುದುರೆಯನ್ನು ಹಿಂದಕ್ಕೆ ಪಡೆಯುತ್ತಿದ್ದರು ಎಂದೂ ಗೆಲ್ಲಿಯುಸ್ ಹೇಳುತ್ತಾನೆ.

ಈ ಪದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು 17ನೇ ಶತಮಾನದಲ್ಲಿ. ರಾಂಡಲ್ ಕಾಟ್‌ಗ್ರೇವ್ 1611ರಲ್ಲಿ ಪ್ರಕಟಿಸಿದ ಫ್ರೆಂಚ್-ಇಂಗ್ಲಿಷ್ ನಿಘಂಟಿನಲ್ಲಿ ಅದು ಕಾಣಿಸಿಕೊಂಡಿತು. 1620ರಲ್ಲಿ ವೈದ್ಯ ಟೋಬಿಯಾಸ್ ವೆನ್ನರ್ ದೀರ್ಘಾಯುಷ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ಬಳಸಿದ. ಆದರೂ 19ನೇ ಶತಮಾನದವರೆಗೆ ಇಂಗ್ಲಿಷರು ಸಾಮಾನ್ಯವಾಗಿ ಹೇಳುತ್ತಿದ್ದುದು ಕಾರ್ಪ್ಯುಲೆನ್ಸ್. ಅದು ಮೈ ಎಂಬ ಅರ್ಥದ ಕಾರ್ಪಸ್‌ನಿಂದ ಬಂದದ್ದು, ನಮ್ಮ ‘ಮೈ ಬಂದಿದೆ’ ಎಂಬುದಕ್ಕೆ ಹತ್ತಿರ, ತಿನ್ನುವುದರ ಸೊಲ್ಲೇ ಇಲ್ಲದ್ದು. ವೈದ್ಯಕೀಯ ಆರಿಸಿಕೊಂಡದ್ದು ಮಾತ್ರ ತಿನ್ನುವುದನ್ನು ಒಳಗಿಟ್ಟುಕೊಂಡ ಪದವನ್ನು. ಅಂತರರಾಷ್ಟ್ರೀಯ ರೋಗ ವರ್ಗೀಕರಣದ 10ನೇ ಆವೃತ್ತಿಯಲ್ಲಿ ಬೊಜ್ಜಿನ ಸಂಕೇತ ಇ66. ಅದರ ಮೊದಲ ಉಪವಿಭಾಗವೇ ‘ಅತಿ ಕ್ಯಾಲರಿಯಿಂದಾದ ಬೊಜ್ಜು’.

ಚರಕನ ಎಂಟು ಮಂದಿ

ಭಾರತೀಯ ವೈದ್ಯಶಾಸ್ತ್ರ ಹಿಡಿದ ದಾರಿ ಬೇರೆ. ಚರಕಸಂಹಿತೆಯ ಸೂತ್ರಸ್ಥಾನದ 21ನೇ ಅಧ್ಯಾಯದ ಹೆಸರು ಅಷ್ಟೌನಿಂದಿತೀಯ, ನಿಂದೆಗೆ ಗುರಿಯಾಗುವ ಎಂಟು ಬಗೆಯ ಜನರ ಅಧ್ಯಾಯ. ಅತಿ ಎತ್ತರದವರು, ಅತಿ ಗಿಡ್ಡರು, ಮೈತುಂಬ ಕೂದಲಿರುವವರು, ಕೂದಲೇ ಇಲ್ಲದವರು, ಅತಿ ಕಪ್ಪಗಿರುವವರು, ಅತಿ ಬೆಳ್ಳಗಿರುವವರು, ಅತಿಸ್ಥೂಲರು, ಅತಿಕೃಶರು. ಪಟ್ಟಿಯನ್ನು ನೋಡಿದರೆ ಇದು ವೈದ್ಯನ ಕಣ್ಣೋ ಜಗುಲಿಯ ಮೇಲೆ ಕೂತು ದಾರಿಹೋಕರನ್ನು ಆಡಿಕೊಳ್ಳುವವನ ಕಣ್ಣೋ ಎಂಬ ಅನುಮಾನ ಬರುತ್ತದೆ. ಚರಕನಿಗೂ ಅದು ಗೊತ್ತಿದ್ದಂತಿದೆ. ಎಂಟರಲ್ಲಿ ಆರನ್ನು ಹೆಸರಿಸಿ ಬಿಟ್ಟು, ಸ್ಥೂಲ ಮತ್ತು ಕೃಶ ಎಂಬ ಎರಡನ್ನು ಮಾತ್ರ ಚಿಕಿತ್ಸೆಗಾಗಿ ಎತ್ತಿಕೊಳ್ಳುತ್ತಾನೆ.

ಅತಿಸ್ಥೂಲನಿಗೆ ಎಂಟು ದೋಷಗಳನ್ನು ಹೇಳಿದೆ: ಆಯಸ್ಸು ಕುಗ್ಗುವುದು, ಚಲನೆ ಮಂದವಾಗುವುದು, ದಾಂಪತ್ಯಕ್ಕೆ ಕಷ್ಟ, ದೌರ್ಬಲ್ಯ, ಮೈವಾಸನೆ, ಬೆವರಿನ ಬಾಧೆ, ಅತಿ ಹಸಿವು, ಅತಿ ಬಾಯಾರಿಕೆ. ನಡೆದಾಡುವಾಗ ನಿತಂಬ, ಹೊಟ್ಟೆ, ಎದೆ ಕುಲುಕುವಷ್ಟು ಮೇದಸ್ಸು ಮತ್ತು ಮಾಂಸ ಬೆಳೆದಿರುವವನೇ ಅತಿಸ್ಥೂಲ ಎಂಬುದು ಲಕ್ಷಣ. ತಕ್ಕಡಿ ಬೇಡ, ಅಳತೆಪಟ್ಟಿ ಬೇಡ. ರೋಗಿ ಬಾಗಿಲಿನಿಂದ ಚಾಪೆಯವರೆಗೆ ನಡೆದು ಬಂದರೆ ಸಾಕು.

ಕಾರಣಗಳ ಪಟ್ಟಿ ಇನ್ನೂ ಸ್ವಾರಸ್ಯಕರ. ಅತಿಯಾದ ಊಟ, ಜಡವಾದ ಸಿಹಿಯಾದ ತಂಪಾದ ಜಿಡ್ಡಾದ ಆಹಾರ, ವ್ಯಾಯಾಮ ಇಲ್ಲದಿರುವುದು, ಹಗಲುನಿದ್ದೆ ಇವೆಲ್ಲ ನಿರೀಕ್ಷಿತವೇ. ಅವುಗಳ ಜೊತೆಗೆ ಸದಾ ಸಂತೋಷದಿಂದಿರುವುದು, ಚಿಂತೆಯೇ ಇಲ್ಲದಿರುವುದು ಎಂಬ ಎರಡು ಸೇರಿವೆ. ಕೊನೆಗೆ ಬೀಜಸ್ವಭಾವ, ಅಂದರೆ ತಂದೆತಾಯಿಗಳಿಂದ ಬಂದ ಗುಣ. ತಿನ್ನುವವನ ತಪ್ಪಷ್ಟೇ ಅಲ್ಲ, ಹುಟ್ಟಿನಲ್ಲೂ ಕಾರಣವಿರಬಹುದೆಂದು ಆ ಪಟ್ಟಿ ಒಪ್ಪುತ್ತದೆ. ಹಸಿವನ್ನು ಚರಕ ವಿವರಿಸುವ ರೀತಿಯೂ ಗಮನಿಸತಕ್ಕದ್ದು. ಮೇದಸ್ಸು ದಾರಿಗಳನ್ನು ಕಟ್ಟಿಹಾಕಿದಾಗ ವಾಯು ಹೊಟ್ಟೆಯಲ್ಲೇ ಸುತ್ತಿ ಜಠರಾಗ್ನಿಯನ್ನು ಊದುತ್ತದೆ. ಉಂಡದ್ದು ಬೇಗ ಕರಗಿ ಮತ್ತೆ ಹಸಿವಾಗುತ್ತದೆ. ತಿಂದದ್ದರಿಂದ ಸ್ಥೌಲ್ಯ ಬಂತು, ಬಂದ ಸ್ಥೌಲ್ಯ ಮತ್ತೆ ತಿನ್ನಿಸುತ್ತದೆ. ಇದಕ್ಕೆ ಆಧುನಿಕ ಶರೀರಶಾಸ್ತ್ರದ ಆಧಾರ ಹುಡುಕಹೊರಡುವುದು ಅತಿರೇಕ. ಆದರೆ ಹಸಿವು ಇಚ್ಛೆಯ ಮಾತಷ್ಟೇ ಅಲ್ಲ, ದೇಹವೇ ಅದನ್ನು ಹುಟ್ಟಿಸುತ್ತದೆ ಎಂಬ ಗ್ರಹಿಕೆ ಅಲ್ಲಿದೆ. ಯುರೋಪು ಆ ಮಾತಿಗೆ ಬರಲು ಬಹಳ ಕಾಲ ಬೇಕಾಯಿತು.

ಸ್ಥೂಲನಿಗಿಂತ ಕೃಶನೇ ಮೇಲು ಎಂಬುದು ಚರಕನ ತೀರ್ಮಾನ. ಸ್ಥೂಲನ ಚಿಕಿತ್ಸೆ ಎರಡು ಅಲುಗಿನದು, ಉಪವಾಸ ಕೆಡವಿದರೆ ಅವನ ಅಗ್ನಿ ತಡೆಯದು, ಉಣ್ಣಿಸಿದರೆ ಮೇದಸ್ಸು ಬೆಳೆಯುತ್ತದೆ. ಅದಕ್ಕೇ ಹೊಟ್ಟೆಗೆ ಭಾರವಾಗಿಯೂ ಮೈಗೆ ಪುಷ್ಟಿ ಕೊಡದೆಯೂ ಇರುವ ಆಹಾರ ಬೇಕು ಎಂದು ಬಾರ್ಲಿ, ಜೇನುತುಪ್ಪಗಳನ್ನು ಹೇಳುತ್ತಾನೆ. ಸುಶ್ರುತ ಮಧುಮೇಹವನ್ನು ಎರಡಾಗಿ ವಿಂಗಡಿಸುತ್ತಾನೆ. ಹುಟ್ಟಿನಿಂದ ಬಂದದ್ದು ಬಡಕಲರಲ್ಲಿ, ಅಪಥ್ಯದಿಂದ ಬಂದದ್ದು ದಪ್ಪಗಿರುವವರಲ್ಲಿ. ಮುಂದೆ ಮಾಧವನಿದಾನ ಮೇದೋರೋಗಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟಿತು. ಸಪ್ತಧಾತುಗಳಲ್ಲಿ ನಾಲ್ಕನೆಯದಾದ ಮೇದಸ್ಸಿನ ಹೆಸರಿನಲ್ಲೇ ರೋಗವನ್ನು ಕರೆದದ್ದು ಇದು. ಬಾಯಿಯನ್ನೂ ಬಿಟ್ಟು, ತೂಕವನ್ನೂ ಬಿಟ್ಟು, ಕೊಬ್ಬಿನ ಊತಕವನ್ನೇ ಹಿಡಿದ ಹೆಸರು. ನನಗೆ ಕಂಡಂತೆ ಇರುವ ಹೆಸರುಗಳಲ್ಲಿ ಅತ್ಯಂತ ನಿಖರವಾದದ್ದೂ ಇದೇ. ಜರ್ಮನ್ ವೈದ್ಯರ ಅಡಿಪೋಸಿಟಾಸ್ ಕೂಡ ಇದೇ ದಾರಿಯದು. ಗ್ರೀಕರಲ್ಲಿ ಗ್ಯಾಲನ್ ಬಳಸಿದ ಪಾಲಿಸಾರ್ಕಿಯಾ ಎಂದರೆ ಬಹುಮಾಂಸ. ಹುಟ್ಟಾ ದಪ್ಪಗಿರುವವರು ತೆಳ್ಳಗಿರುವವರಿಗಿಂತ ಬೇಗ ಸಾಯುತ್ತಾರೆಂಬ ಮಾತು ಹಿಪೊಕ್ರೆಟಿಸನ ಸೂತ್ರಗಳಲ್ಲಿ ಸೇರಿದೆ.

ಶವಪೆಟ್ಟಿಗೆಯವನ ಪತ್ರ

ತೂಕ ಇಳಿಸುವುದು ಸಾರ್ವಜನಿಕ ಗೀಳಾದ ಕಥೆ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್‌ನಿಂದ ಶುರುವಾಗುತ್ತದೆ. ಅವನ ಮನೆತನ ರಾಜಮನೆತನದ ಅಂತ್ಯಸಂಸ್ಕಾರಗಳ ವ್ಯವಸ್ಥೆ ನೋಡಿಕೊಳ್ಳುತ್ತಿತ್ತು. ಎತ್ತರ ಐದಡಿ ಐದಂಗುಲ, ತೂಕ 202 ಪೌಂಡು, ಅಂದರೆ ಸುಮಾರು 92 ಕಿಲೋ. ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳಲಾಗುತ್ತಿರಲಿಲ್ಲ. ಮಂಡಿಯ ಮೇಲೆ ಭಾರ ಬೀಳದಿರಲೆಂದು ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದ. 1862ರಲ್ಲಿ ಕಿವಿ ಮಂದವಾಯಿತೆಂದು ಕಿವಿಯ ವೈದ್ಯ ವಿಲಿಯಂ ಹಾರ್ವೆಯ ಬಳಿ ಹೋದ. ಪ್ಯಾರಿಸಿನಲ್ಲಿ ಶರೀರಶಾಸ್ತ್ರಜ್ಞ ಕ್ಲೋಡ್ ಬರ್ನಾರ್‌ನ ಉಪನ್ಯಾಸ ಕೇಳಿ ಬಂದಿದ್ದ ಹಾರ್ವೆ ಅವನಿಗೆ ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಡಿಸಿದ. ಸುಮಾರು ಒಂದು ವರ್ಷದಲ್ಲಿ 46 ಪೌಂಡು ಇಳಿಯಿತು. 1863ರಲ್ಲಿ ಬ್ಯಾಂಟಿಂಗ್ ಸ್ವಂತ ಖರ್ಚಿನಲ್ಲಿ ‘ಕಾರ್ಪ್ಯುಲೆನ್ಸ್ ಕುರಿತು ಸಾರ್ವಜನಿಕರಿಗೊಂದು ಪತ್ರ’ ಎಂಬ ಅರ್ಥದ ಕಿರುಹೊತ್ತಗೆ ಅಚ್ಚು ಹಾಕಿಸಿ ಹಂಚಿದ. ಆ ಪಥ್ಯಕ್ಕೆ ಅವನ ಹೆಸರೇ ಅಂಟಿಕೊಂಡಿತು; ಸ್ವೀಡಿಷ್ ಭಾಷೆಯಲ್ಲಿ ತೂಕ ಇಳಿಸಲು ಪಥ್ಯ ಮಾಡುವುದಕ್ಕೆ ಈಗಲೂ ಬಾಂಟಾ ಎಂದೇ ಹೇಳುತ್ತಾರೆ.

ಇಂದಿನ ಲೆಕ್ಕದಲ್ಲಿ ಬ್ಯಾಂಟಿಂಗ್‌ನ ಬಿಎಂಐ (ಎತ್ತರಕ್ಕೆ ತಕ್ಕಂತೆ ತೂಕವನ್ನು ಅಳೆಯುವ ಅಂಕಿ) ಮೊದಲು ಸುಮಾರು 33.6, ಇಳಿದ ಮೇಲೆ 26. 25ಕ್ಕೇ ಬೊಜ್ಜು ಎನ್ನುವ ಭಾರತದ ಮಾನದಂಡ ಹಿಡಿದರೆ ಪುಸ್ತಕ ಬರೆದು ಸಂಭ್ರಮಿಸಿದಾಗಲೂ ಅವನು ಬೊಜ್ಜಿನವನೇ.

ಕಣ್ಣಳತೆಯಿಂದ ಅಂಕಿಗೆ

ಬಿಎಂಐ, ಅಂದರೆ ದೇಹ ದ್ರವ್ಯರಾಶಿ ಸೂಚ್ಯಂಕ, ಬೊಜ್ಜನ್ನು ಅಳೆಯಲೆಂದು ಹುಟ್ಟಿದ್ದಲ್ಲ. ಬೆಲ್ಜಿಯಂನ ಖಗೋಳಜ್ಞ, ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ (1796–1874) ‘ಸರಾಸರಿ ಮನುಷ್ಯ’ನನ್ನು ಹುಡುಕುತ್ತಿದ್ದ. ವಯಸ್ಕರ ತೂಕ ಅವರ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂದು 1830ರ ದಶಕದಲ್ಲಿ ತೋರಿಸಿದ. ಅದು ಜನಸಮೂಹದ ಬಗೆಗಿನ ಮಾತು. ಒಬ್ಬ ರೋಗಿಯ ಬಗೆಗಿನದಲ್ಲ.

ಅಂಕಿಗೂ ಬೊಜ್ಜಿಗೂ ಗಂಟು ಹಾಕಿದ್ದು ವೈದ್ಯರಿಗಿಂತ ಮೊದಲು ಜೀವವಿಮೆಯವರು. ದಪ್ಪಗಿರುವ ಪಾಲಿಸಿದಾರರು ಬೇಗ ತೀರಿಕೊಂಡರೆ ಕಂಪನಿಗೆ ನಷ್ಟ. ಅಮೆರಿಕದ ಮೆಟ್ರೋಪಾಲಿಟನ್ ಲೈಫ್ 1942–43ರಲ್ಲಿ ಎತ್ತರಕ್ಕೆ ತಕ್ಕ ‘ಆದರ್ಶ ತೂಕ’ದ ಕೋಷ್ಟಕ ಹೊರಡಿಸಿತು, 1959ರಲ್ಲಿ ಅದನ್ನು ‘ಅಪೇಕ್ಷಣೀಯ ತೂಕ’ ಎಂದು ಬದಲಿಸಿತು. ವಿಮೆ ಕೊಳ್ಳಬಲ್ಲ ಅಮೆರಿಕನ್ನರ ಅಂಕಿಗಳೇ ದಶಕಗಳ ಕಾಲ ಲೋಕದ ವೈದ್ಯರ ಗೋಡೆಗಳ ಮೇಲೆ ತೂಗಾಡಿದವು. 1972ರಲ್ಲಿ ವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಐದು ದೇಶಗಳ ಸುಮಾರು 7,400 ಜನರ ಅಳತೆಗಳನ್ನು ಹೋಲಿಸಿ ಕೆಟ್ಲೆಯ ಸೂತ್ರವೇ ಇದ್ದುದರಲ್ಲಿ ವಾಸಿ ಎಂದರು, ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂದು ಹೆಸರಿಟ್ಟರು. ಅಳೆಸಿಕೊಂಡ ಅಷ್ಟೂ ಮಂದಿ ಗಂಡಸರು.

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1997ರಲ್ಲಿ ಒಪ್ಪಿದ ಗೆರೆಗಳು ಇಂದಿಗೂ ಚಾಲ್ತಿಯಲ್ಲಿವೆ: 25 ದಾಟಿದರೆ ಅತಿತೂಕ, 30 ದಾಟಿದರೆ ಬೊಜ್ಜು. ಅಮೆರಿಕದಲ್ಲಿ ಅದುವರೆಗೆ ಗಂಡಸರ ಅತಿತೂಕದ ಗೆರೆ 27.8 ಇತ್ತು. 1998ರಲ್ಲಿ ಅದನ್ನು 25ಕ್ಕೆ ಇಳಿಸಿದಾಗ ಮೈಗೆ ಒಂದು ತೊಲ ಸೇರದೆಯೇ ಎರಡು ಕೋಟಿಗೂ ಹೆಚ್ಚು ಜನ ಅತಿತೂಕದವರಾದರು.

ಪುಣೆಯ ದೇಹ, ಮೈಸೂರಿನ ಕೂಸುಗಳು

2004ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇಬ್ಬರು ವಿಜ್ಞಾನಿಗಳ ಚಿತ್ರವೊಂದನ್ನು ಅಚ್ಚು ಹಾಕಿತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಬ್ರಿಟನ್ನಿನ ಜಾನ್ ಯುಡ್‌ಕಿನ್. ಇಬ್ಬರ ಬಿಎಂಐ 22.3, ಕೂದಲೆಳೆಯ ವ್ಯತ್ಯಾಸವಿಲ್ಲ. ಯಾವ ಕೋಷ್ಟಕದಲ್ಲಿ ನೋಡಿದರೂ ಇಬ್ಬರೂ ಸರಿಯಾದ ತೂಕದವರು. ಯಂತ್ರದಲ್ಲಿ ಕೊಬ್ಬನ್ನು ಅಳೆದಾಗ ಯುಡ್‌ಕಿನ್ನರ ದೇಹದಲ್ಲಿ ಶೇ. 9.1, ಯಾಜ್ಞಿಕರ ದೇಹದಲ್ಲಿ ಶೇ. 21.2. ಇಬ್ಬರ ಹೆಸರಿನ ಮೊದಲಕ್ಷರ ಸೇರಿ ಇದು ವೈ-ವೈ ವಿರೋಧಾಭಾಸ ಎಂದು ಹೆಸರಾಯಿತು. ‘ತೆಳ್ಳಗಿದ್ದೂ ಕೊಬ್ಬಿರುವ ಭಾರತೀಯ’ ಎಂಬ ಯಾಜ್ಞಿಕರ ವಾದಕ್ಕೆ ಸ್ವತಃ ಅವರೇ ಸಾಕ್ಷಿಯಾಗಿ ನಿಂತದ್ದು ವಿಜ್ಞಾನದ ಬರವಣಿಗೆಯಲ್ಲಿ ಅಪರೂಪದ ಚಂದ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಿಂದಲೂ ಪುರಾವೆ ಬಂತು. ಮೈಸೂರಿನ ಹಳಬರಿಗೆ ಅದು ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಸುತ್ತಳತೆಗಳನ್ನು ದಾಖಲೆ ಪುಸ್ತಕಗಳಲ್ಲಿ ಬರೆದಿಡಲಾಗಿತ್ತು. ಭಾರತದಲ್ಲಿ ಅಂಥ ಕಡತ ಉಳಿದು ಬರುವುದೇ ದುರ್ಲಭ. ಬ್ರಿಟನ್ನಿನ ಸೌತಾಂಪ್ಟನ್ ತಂಡವೂ ಆಸ್ಪತ್ರೆಯವರೂ ಸೇರಿ 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಮೈಸೂರಿನ ಸುತ್ತಲೇ ನೆಲೆಸಿದ್ದವರನ್ನು ಹುಡುಕಿ ಪರೀಕ್ಷಿಸಿದರು. 45 ದಾಟಿದವರಲ್ಲಿ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ, 3.1 ಕಿಲೋ ಮೀರಿ ತೂಗಿದ್ದವರಲ್ಲಿ ಶೇ. 3. ಈ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಆಮೇಲೆ 1997–98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಎಂಬ ಅಧ್ಯಯನ ಶುರುವಾಯಿತು. ಅದರಲ್ಲಿ ಹುಟ್ಟಿದ ಮಕ್ಕಳ ಭುಜದ ಮೂಳೆಯ ಕೆಳಗಿನ ಚರ್ಮವನ್ನು ಚಿಮಟಿ ಹಿಡಿದಂತೆ ಹಿಡಿದು ದಪ್ಪ ಅಳೆದರು. ಬಿಳಿಯರ ಕೂಸುಗಳಿಗೆ ಹೋಲಿಸಿದರೆ ಮೈಸೂರಿನ ಕೂಸುಗಳ ತೂಕ ಕಡಿಮೆ, ತೋಳು ಸಣ್ಣ, ಆದರೆ ಬೆನ್ನಿನ ಆ ಕೊಬ್ಬಿನ ಮಡಿಕೆ ಮಾತ್ರ ಸಣ್ಣದಾಗಿರಲಿಲ್ಲ. ಮುಂಡದಲ್ಲಿ ಕೊಬ್ಬು ಕೂಡಿಡುವ ಸ್ವಭಾವ ಹೊಟ್ಟೆಯೊಳಗಿರುವಾಗಲೇ ನೆಲೆಯೂರಿತ್ತು.

ಇಲ್ಲಿಗೆ ಬೊಜ್ಜು ಎಂಬ ಮಾತಿನ ಬೆಲೆ ತಿಳಿಯುತ್ತದೆ. ತೊಡೆ, ನಿತಂಬಗಳ ಚರ್ಮದಡಿಯ ಕೊಬ್ಬು ಬಹುಮಟ್ಟಿಗೆ ನಿರುಪದ್ರವಿ. ಕರುಳು, ಯಕೃತ್ತುಗಳ ಸುತ್ತ ಸೇರುವ ಕೊಬ್ಬು ಹಾಗಲ್ಲ. ಅದು ರಕ್ತಕ್ಕೆ ಬಿಡುವ ಕೊಬ್ಬಿನಾಮ್ಲಗಳು ಯಕೃತ್ತನ್ನು ಮುತ್ತಿ, ಇನ್ಸುಲಿನ್ನಿನ ಕೆಲಸ ಕೆಡಿಸಿ, ಮಧುಮೇಹ ಮತ್ತು ಹೃದ್ರೋಗಕ್ಕೆ ದಾರಿ ಮಾಡುತ್ತವೆ. ದಕ್ಷಿಣ ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಈ ಕೊಬ್ಬು ಬರುತ್ತದೆ. ಇಡೀ ಮೈಯ ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಸೂತ್ರಕ್ಕೆ ಇದು ಕಾಣುವುದಿಲ್ಲ. ‘ತೋಳು ಕಡ್ಡಿ, ಹೊಟ್ಟೆ ಗುಡಾಣ’ ಎಂದು ಅಜ್ಜಿಯರು ಆಡಿಕೊಳ್ಳುತ್ತಿದ್ದ ಮೈಕಟ್ಟೇ ನಮ್ಮಲ್ಲಿ ಅಪಾಯದ ಮೈಕಟ್ಟು.

ಅದಕ್ಕೆಂದೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಏಷ್ಯಾದವರ ವಿಷಯದಲ್ಲಿ 23 ಮತ್ತು 27.5ರಲ್ಲೇ ಎಚ್ಚರ ವಹಿಸಬೇಕೆಂದರು. ಭಾರತದ ವೈದ್ಯರು 2009ರಲ್ಲಿ ಒಮ್ಮತಕ್ಕೆ ಬಂದು 23ಕ್ಕೆ ಅತಿತೂಕ, 25ಕ್ಕೆ ಬೊಜ್ಜು ಎಂದು ಗೆರೆ ಎಳೆದರು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. 170 ಸೆಂಟಿಮೀಟರ್ ಎತ್ತರದ, 75 ಕಿಲೋ ತೂಕದ ಬೆಂಗಳೂರಿನವರ ಬಿಎಂಐ 26. ಅವರು ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕದಲ್ಲಿ ಅತಿತೂಕದವರು, ಊರಿನ ಮಧುಮೇಹ ಕ್ಲಿನಿಕ್ಕಿನಲ್ಲಿ ಬೊಜ್ಜಿನವರು. ಸುತ್ತಳತೆ ತೆಗೆಯುವ ಜಾಗದಲ್ಲೂ ಗೊಂದಲವಿದೆ. ದರ್ಜಿ ಟೇಪು ಹಿಡಿಯುವುದು ಪ್ಯಾಂಟು ನಿಲ್ಲುವ ಕಡೆ, ಎಷ್ಟೋ ಸಲ ಹೊಟ್ಟೆಯ ಕೆಳಗೆ. ವೈದ್ಯರು ಹಿಡಿಯಬೇಕಾದದ್ದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಏಣಿಗೂ ನಟ್ಟನಡುವೆ, ಉಸಿರು ಬಿಟ್ಟಾಗ. ‘ನಂದು ಮೂವತ್ತನಾಲ್ಕೇ’ ಎಂದು ಪ್ಯಾಂಟಿನ ಸೈಜು ಹೇಳುವವರ ಹೊಟ್ಟೆ ಮೂವತ್ತೆಂಟಿರಬಹುದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನಲ್ಲಿ (2019–21) ಬಿಎಂಐ 25 ಅಥವಾ ಹೆಚ್ಚಿದ್ದವರು ದೇಶದಲ್ಲಿ ಹೆಂಗಸರಲ್ಲಿ ಶೇ. 24, ಗಂಡಸರಲ್ಲಿ ಶೇ. 22.9, ಕರ್ನಾಟಕದಲ್ಲಿ ಎರಡೂ ಶೇ. 30ರ ಮೇಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ (2023) ಏಷ್ಯಾದ ಮಾನದಂಡ ಹಿಡಿದು ವಯಸ್ಕರಲ್ಲಿ ಶೇ. 28.6 ಮಂದಿಗೆ ಮೈಬೊಜ್ಜು, ಶೇ. 39.5 ಮಂದಿಗೆ ಹೊಟ್ಟೆಬೊಜ್ಜು ಇದೆಯೆಂದಿತು. ಎರಡರ ನಡುವಿನ ಅಂತರದಲ್ಲಿರುವವರೇ ತಕ್ಕಡಿಗೆ ಸಿಗದ ಜನ.

ರೋಗವೇ, ಅಲ್ಲವೇ

ಬೊಜ್ಜು ಅಂತರರಾಷ್ಟ್ರೀಯ ರೋಗಪಟ್ಟಿಗೆ ಸೇರಿದ್ದು 1948ರಲ್ಲಿ. ಆದರೂ ಅದು ರೋಗವೋ ರೋಗಕ್ಕೆ ಕಾರಣವೋ ಎಂಬ ಜಗಳ ಹರಿದಿಲ್ಲ. ಹಸಿವು ಬರೀ ಮನಸ್ಸಿನ ಹತೋಟಿಯ ಮಾತಲ್ಲ ಎಂದು ತೋರಿಸಿದ್ದು 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಕಂಡುಹಿಡಿದ ಲೆಪ್ಟಿನ್. ಕೊಬ್ಬಿನ ಕೋಶಗಳೇ ಸ್ರವಿಸಿ ‘ಸಾಕು’ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ಹಾರ್ಮೋನು ಅದು. ಗ್ರೀಕಿನಲ್ಲಿ ಲೆಪ್ಟೋಸ್ ಎಂದರೆ ತೆಳು. ಕೊಬ್ಬು ಸುಮ್ಮನೆ ಬಿದ್ದಿರುವ ಗೋದಾಮಲ್ಲ, ಅದೂ ಒಂದು ಅಂಗ ಎಂಬ ತಿಳಿವಳಿಕೆ ಗಟ್ಟಿಯಾದದ್ದು ಅಲ್ಲಿಂದ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 2013ರಲ್ಲಿ ಬೊಜ್ಜನ್ನು ರೋಗವೆಂದು ಘೋಷಿಸಿತು, ಅದೂ ತನ್ನದೇ ವಿಜ್ಞಾನ ಸಮಿತಿಯ ಸಲಹೆಯನ್ನು ಬದಿಗಿಟ್ಟು. ರೋಗವೆಂದರೆ ಬೊಜ್ಜಿನವರ ಮೇಲಿನ ನಿಂದೆ ತಗ್ಗುತ್ತದೆ ಎಂಬುದು ಒಂದು ಪಕ್ಷ. ಆರೋಗ್ಯವಾಗಿರುವವರಿಗೂ ರೋಗಿಯ ಪಟ್ಟ ಕಟ್ಟಿದಂತಾಗುತ್ತದೆ, ಔಷಧ ಕಂಪನಿಗಳಿಗೆ ಹಬ್ಬ ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳು ತೂಕ ಇಳಿಸಲೆಂದು 2025ರಲ್ಲಿ ಭಾರತದ ಮಾರುಕಟ್ಟೆಗೂ ಬಂದ ಮೇಲೆ ಈ ಜಗಳ ನಮ್ಮ ಮನೆಬಾಗಿಲಿಗೂ ಬಂದಿದೆ.

2025ರ ಜನವರಿಯಲ್ಲಿ ಎರಡು ಹೊಸ ವ್ಯಾಖ್ಯೆಗಳು ಹೊರಬಿದ್ದವು. ಫ್ರಾಂಚೆಸ್ಕೊ ರೂಬಿನೊ ಮುಂದಾಳತ್ವದ ಲ್ಯಾನ್ಸೆಟ್ ಆಯೋಗ ಬಿಎಂಐ ಒಂದನ್ನೇ ನಂಬಬಾರದೆಂದಿತು. ಸೊಂಟದ ಅಳತೆಯಿಂದಲೋ ಕೊಬ್ಬನ್ನೇ ಅಳೆದೋ ಖಚಿತಪಡಿಸಿಕೊಂಡು, ಅಂಗಾಂಗಗಳಿಗೆ ಕೇಡಾಗಿದ್ದರೆ ಅದನ್ನು ರೋಗವೆಂದೂ, ಆಗಿಲ್ಲದಿದ್ದರೆ ರೋಗಪೂರ್ವ ಸ್ಥಿತಿಯೆಂದೂ ಬೇರ್ಪಡಿಸಿತು. ಅದೇ ತಿಂಗಳು ದೆಹಲಿಯ ತಜ್ಞರು ಭಾರತೀಯರಿಗಾಗಿ ಎರಡು ಹಂತಗಳನ್ನು ಸೂಚಿಸಿದರು. ಬಿಎಂಐ 23 ದಾಟಿಯೂ ತೊಂದರೆ ಕಾಣದಿದ್ದರೆ ಮೊದಲ ಹಂತ. ಅದರ ಜೊತೆಗೆ ಹೊಟ್ಟೆಯ ಸುತ್ತಳತೆ ಮೀರಿದ್ದು, ಮಂಡಿನೋವಿನಂಥ ತೊಡಕೋ ಮಧುಮೇಹದಂಥ ಕಾಯಿಲೆಯೋ ಇದ್ದರೆ ಎರಡನೆಯದು.

ವಿಮೆಯವರ ಲೆಕ್ಕ ಇನ್ನೂ ಹಳೆಯ ಗೆರೆಗಳ ಮೇಲೆಯೇ ನಡೆದಿದೆ. ವಿಮಾ ನಿಯಂತ್ರಣ ಪ್ರಾಧಿಕಾರ ಭಾರತದ ಆರೋಗ್ಯ ವಿಮೆಗಳಿಗೆಂದು ಗೊತ್ತುಪಡಿಸಿರುವ ಷರತ್ತುಗಳಲ್ಲಿ ಬೊಜ್ಜಿಗೆ ಪ್ರತ್ಯೇಕ ಕಂಡಿಕೆಯಿದೆ. ಜಠರ ಕುಗ್ಗಿಸುವ ಶಸ್ತ್ರಚಿಕಿತ್ಸೆಗೆ ಹಣ ಸಿಗಬೇಕಾದರೆ ಬಿಎಂಐ 40 ಮುಟ್ಟಿರಬೇಕು. ಹೃದ್ರೋಗ, ತೀವ್ರ ನಿದ್ರಾ ಉಸಿರುಕಟ್ಟು ಅಥವಾ ಹತೋಟಿಗೆ ಬಾರದ ಮಧುಮೇಹ ಇದ್ದು, ಬೇರೆ ಚಿಕಿತ್ಸೆಗಳು ಸೋತಿದ್ದರೆ 35. ಹಾಗಾಗಿ 170 ಸೆಂಟಿಮೀಟರ್ ಎತ್ತರದವರು ವೈದ್ಯರ ಪಾಲಿಗೆ ಬೊಜ್ಜಿನವರಾಗುವುದು 72 ಕಿಲೋ ದಾಟಿದಾಗ, ವಿಮೆಯವರ ಪಾಲಿಗೆ ಸುಮಾರು 116 ಕಿಲೋ ಮುಟ್ಟಿದಾಗ.